ಸರ್ಕಾರಿ ಶಾಲೆಯಲ್ಲಿ ವಿಶೇಷ ಚೇತನ ಮಗು: ಹಕ್ಕು ಕಾಯ್ದೆಯಲ್ಲಿದೆ, ಸೇವೆ ಯೋಜನೆಯಲ್ಲಿದೆ

‘ಇಂಥ ಮಕ್ಕಳಿಗೆ ಕಲಿಸುವವರು ನಮ್ಮಲ್ಲಿಲ್ಲ, ವಿಶೇಷ ಶಾಲೆಗೆ ಸೇರಿಸಿಬಿಡಿ.’ ಜೂನ್ ತಿಂಗಳಲ್ಲಿ ಮಗುವಿನ ಕೈಹಿಡಿದು ಶಾಲೆಗೆ ಬಂದ ಪೋಷಕರಿಗೆ ಮುಖ್ಯ ಶಿಕ್ಷಕರಿಂದ ಸಿಗುವ ಈ ಉತ್ತರಕ್ಕೆ ಕಾನೂನಿನ ಆಧಾರ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದೊಳಗಿನ ಮಗುವಿಗೆ ನೆರೆಹೊರೆಯ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂದಾಗಲಿ, ದಾಖಲಾತಿಯ ದಿನ ಮುಗಿಯಿತು ಎಂದಾಗಲಿ ವಾಪಸ್ ಕಳಿಸುವಂತಿಲ್ಲ. ಸೇರಿಸಿಕೊಳ್ಳುವ ಮುನ್ನ ಮಗುವನ್ನು ಪರೀಕ್ಷಿಸಿ ಆರಿಸುವಂತೆಯೂ ಇಲ್ಲ. 2012ರ ತಿದ್ದುಪಡಿಯಂತೂ ಅಂಗವೈಕಲ್ಯ ಇರುವ ಮಕ್ಕಳ ಹೆಸರೆತ್ತಿಯೇ ಈ ಹಕ್ಕನ್ನು ಹೇಳಿದೆ.

ಆದರೆ ಮುಖ್ಯ ಶಿಕ್ಷಕರ ಮಾತಿನ ಮೊದಲರ್ಧ ಬಹುಪಾಲು ಕಡೆ ನಿಜ. ಕಲಿಸುವವರು ಅಲ್ಲಿಲ್ಲ. ಹಕ್ಕು ಮಗುವಿನ ಹೆಸರಿಗೆ ಕಾಯ್ದೆಯಿಂದ ಬಂದಿದೆ. ಶಿಕ್ಷಕರು, ಉಪಕರಣ, ಸಾರಿಗೆ ಭತ್ಯೆಗಳೆಲ್ಲ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಬಜೆಟ್ಟಿನಿಂದ ಬರುತ್ತವೆ. ಕಾಯ್ದೆ ‘ಕೊಡತಕ್ಕದ್ದು’ ಎನ್ನುತ್ತದೆ, ಯೋಜನೆ ‘ಲಭ್ಯತೆಗೆ ಅನುಗುಣವಾಗಿ’ ಎನ್ನುತ್ತದೆ. ಪೋಷಕರು ಅಲೆಯುವುದು ಈ ಎರಡರ ನಡುವೆ. ಹಾಗಾಗಿ ಯಾವುದು ಕಾಯ್ದೆಯ ಮಾತು, ಯಾವುದು ಯೋಜನೆಯ ಮಾತು ಎಂದು ಬಿಡಿಸಿ ನೋಡದೆ ಈ ವಿಷಯ ಅರ್ಥವಾಗುವುದಿಲ್ಲ.

ಶೇ 40ರ ಗೆರೆ ಎಲ್ಲಿದೆ, ಎಲ್ಲಿಲ್ಲ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರದ್ದು. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಈಗ 21 ಇವೆ. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ನ್ಯೂನತೆ, ಥಲಸ್ಸೇಮಿಯಾದಂಥವು ಹೊಸದಾಗಿ ಸೇರಿದವು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ವೈದ್ಯಕೀಯ ಪ್ರಾಧಿಕಾರ ಪ್ರಮಾಣೀಕರಿಸಿದರೆ ಅದು ‘ಬೆಂಚ್‌ಮಾರ್ಕ್’ ಅಂಗವೈಕಲ್ಯ.

ಶಾಲೆ ಮತ್ತು ಕಚೇರಿಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಪ್ರಮಾಣಪತ್ರದಲ್ಲಿ ಶೇ 30 ಎಂದಿದ್ದರೆ ‘ನಿಮಗೆ ಏನೂ ಬರುವುದಿಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಕಾಯ್ದೆಯನ್ನು ಓದಿದರೆ ಶಿಕ್ಷಣದ ವಿಷಯದಲ್ಲಿ ಶೇ 40ರ ಷರತ್ತು ಕಾಣಿಸುವುದು ನಾಲ್ಕೇ ಕಡೆ: 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣ (ಸೆಕ್ಷನ್ 31), 18 ವರ್ಷದವರೆಗೆ ಉಚಿತ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸಾಧನ ಸಲಕರಣೆ (ಸೆಕ್ಷನ್ 17ರ ಜಿ ಉಪಖಂಡ), ವಿದ್ಯಾರ್ಥಿವೇತನ (ಅದೇ ಸೆಕ್ಷನ್ನಿನ ಎಚ್), ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ (ಸೆಕ್ಷನ್ 32). ಶಾಲೆ ಮಾಡಲೇಬೇಕಾದ ಕೆಲಸಗಳ ಪಟ್ಟಿ ಇರುವ ಸೆಕ್ಷನ್ 16ಕ್ಕೂ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರ, ದ್ವಿತೀಯ ಮತ್ತು ತೃತೀಯ ಭಾಷೆಯ ವಿನಾಯಿತಿ ಹೇಳುವ ಸೆಕ್ಷನ್ 17ರ ಐ ಉಪಖಂಡಕ್ಕೂ ಈ ಗೆರೆ ಇಲ್ಲ. ಬರವಣಿಗೆಯ ತೊಂದರೆ ಇದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ, ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ಇದನ್ನೇ ಹೇಳಿತು: ಬೆಂಚ್‌ಮಾರ್ಕ್ ಇಲ್ಲವೆಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಅವನಿ ಪ್ರಕಾಶ್ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿತು.

ಗೆರೆಗೆ ಇನ್ನೊಂದು ಮುಖವೂ ಇದೆ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ, ಎಂಟನೇ ತರಗತಿಗೆ ನಿಲ್ಲುತ್ತದೆ. ಅಲ್ಲಿಂದ 18ರವರೆಗಿನ ಉಚಿತ ಶಿಕ್ಷಣದ ಹಕ್ಕು ಬೆಂಚ್‌ಮಾರ್ಕ್ ಇರುವವರಿಗೆ ಮಾತ್ರ. ಶೇ 35ರ ಮಗು ಒಂಬತ್ತನೇ ತರಗತಿಗೆ ಬಂದಾಗ ಉಚಿತದ ಹಕ್ಕು ಹೋಗುತ್ತದೆ, ಸೌಲಭ್ಯದ ಹಕ್ಕು ಹೋಗುವುದಿಲ್ಲ.

ಶಾಲೆಯ ಮೇಲೆ ಬಿದ್ದಿರುವ ಹೊಣೆ

ಸೆಕ್ಷನ್ 16 ಸರ್ಕಾರಿ ಶಾಲೆಗಷ್ಟೇ ಅಲ್ಲ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಎಲ್ಲ ಶಾಲೆಗಳಿಗೂ ಅನ್ವಯ. ತಾರತಮ್ಯವಿಲ್ಲದೆ ಸೇರಿಸಿಕೊಂಡು ಆಟೋಟದಲ್ಲೂ ಸಮಾನ ಅವಕಾಶ ಕೊಡಬೇಕು. ಕಟ್ಟಡ, ಆವರಣ ಮಗುವಿಗೆ ಓಡಾಡಲು ಬರುವಂತಿರಬೇಕು. ಆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. ಕಾಣದ, ಕೇಳದ ಮಕ್ಕಳಿಗೆ ಅವರಿಗೆ ಒಗ್ಗುವ ಭಾಷೆ ಮತ್ತು ವಿಧಾನದಲ್ಲಿ ಪಾಠ ನಡೆಯಬೇಕು. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಬೇಕು. ಪ್ರತಿ ಮಗುವಿನ ಭಾಗವಹಿಸುವಿಕೆ, ಪ್ರಗತಿಯನ್ನು ಗಮನಿಸುತ್ತಿರಬೇಕು. ಸಾರಿಗೆ ಕೊಡಬೇಕು; ಹೆಚ್ಚಿನ ನೆರವು ಬೇಕಾದ ಮಗುವಿನ ಜೊತೆಗಾರರಿಗೂ ಕೊಡಬೇಕು. ಪಟ್ಟಿ ಚೆನ್ನಾಗಿದೆ. ಆದರೆ ಈ ಸೆಕ್ಷನ್ ಶುರುವಾಗುವುದೇ ಸರ್ಕಾರ ಇದಕ್ಕೆಲ್ಲ ‘ಪ್ರಯತ್ನಿಸತಕ್ಕದ್ದು’ ಎಂಬ ಮಾತಿನಿಂದ. ಯಾವ ಅಧಿಕಾರಿ, ಎಷ್ಟು ದಿನದೊಳಗೆ ಎಂಬುದು ಎಲ್ಲೂ ಇಲ್ಲ.

ಈ ಸಡಿಲಕ್ಕೆ ಕಾಯ್ದೆಯೊಳಗೇ ಒಂದು ಬಿಗಿ ಇದೆ. ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದನ್ನೂ ‘ತಾರತಮ್ಯ’ದ ವ್ಯಾಖ್ಯೆಯಲ್ಲಿ ಸೇರಿಸಲಾಗಿದೆ. ಸಂಸ್ಥೆ ತಪ್ಪಿಸಿಕೊಳ್ಳಬೇಕಾದರೆ, ಕೇಳಿದ ಹೊಂದಾಣಿಕೆ ಆ ಸಂದರ್ಭದಲ್ಲಿ ತನಗೆ ಮಿತಿಮೀರಿದ ಹೊರೆ ಎಂದು ತೋರಿಸಬೇಕು. ಮಗುವನ್ನು ಮೊದಲ ಸಾಲಿನಲ್ಲಿ ಕೂರಿಸುವುದು, ಪ್ರಶ್ನೆಪತ್ರಿಕೆಯನ್ನು ದೊಡ್ಡ ಅಕ್ಷರದಲ್ಲಿ ಕೊಡುವುದು, ಆರನೇ ತರಗತಿಯನ್ನು ಮಹಡಿಯಿಂದ ಕೆಳಗಿಳಿಸುವುದು, ಬರೆಯುವ ಬದಲು ಬಾಯಲ್ಲಿ ಉತ್ತರ ಹೇಳಿಸುವುದು ಇವುಗಳಲ್ಲಿ ಯಾವುದನ್ನೂ ಹೊರೆ ಎನ್ನಲು ಬರುವುದಿಲ್ಲ. ಆದ್ದರಿಂದ ‘ನನ್ನ ಮಗುವಿಗೆ ಸಹಾಯ ಮಾಡಿ’ ಎಂಬ ಅರ್ಜಿಗಿಂತ ‘ತರಗತಿಯನ್ನು ನೆಲಮಹಡಿಗೆ ವರ್ಗಾಯಿಸಿ’ ಎಂಬ ಅರ್ಜಿಗೆ ಬಲ ಹೆಚ್ಚು. ಮೊದಲನೆಯದಕ್ಕೆ ನಿರಾಕರಣೆಯೇ ಸಾಧ್ಯವಿಲ್ಲ, ಹಾಗಾಗಿ ತಾರತಮ್ಯವೂ ರುಜುವಾತಾಗುವುದಿಲ್ಲ. ಅರ್ಜಿಯ ಎರಡನೇ ಪ್ರತಿಗೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬಾರದು.

ಕಟ್ಟಡದ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. ಇಳಿಜಾರು ದಾರಿಯ ಮಾನದಂಡ 1:12. ಅಂದರೆ ಒಂದು ಅಡಿ ಎತ್ತರ ಏರಲು 12 ಅಡಿ ಉದ್ದ ಬೇಕು. ಜಗುಲಿ ನೆಲದಿಂದ 45 ಸೆಂ.ಮೀ. ಎತ್ತರ ಇದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಇರಬೇಕು. ಜಾಗ ಸಾಲದೆಂದು ಎರಡು ಮೀಟರಿನಲ್ಲಿ ಮುಗಿಸಿದರೆ ಗಾಲಿಕುರ್ಚಿಯ ಮಗು ಒಬ್ಬನೇ ಹತ್ತಲಾರ, ಇಳಿಯುವಾಗ ಮುಂದಕ್ಕೆ ಮುಗ್ಗರಿಸುತ್ತಾನೆ. ಆದರೂ ದಾಖಲೆಯಲ್ಲಿ ‘ರ‍್ಯಾಂಪ್: ಇದೆ’ ಎಂದೇ ಇರುತ್ತದೆ. ಶೌಚಾಲಯದ ಬಾಗಿಲು 90 ಸೆಂ.ಮೀ. ತೆರೆದು ಹೊರಕ್ಕೆ ತೆಗೆಯುವಂತಿರಬೇಕು, ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳಾಗಬೇಕು ಎಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಊರಿನ ಶಾಲೆಯ ಶೌಚಾಲಯಕ್ಕೆ ಈ ಹಣ ಕೇಳುವ ಶಾಲಾಭಿವೃದ್ಧಿ ಸಮಿತಿಗಳು (ಎಸ್‌ಡಿಎಂಸಿ) ಕಡಿಮೆ.

ಶಿಕ್ಷಕರು ಎಷ್ಟು ಬೇಕು

ವಿಶೇಷ ಶಿಕ್ಷಕರೆಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರುವವರು. 1992ರ ಕಾಯ್ದೆಯಂತೆ ಅದು ಕಡ್ಡಾಯ. ಸಾಮಾನ್ಯ ಬಿ.ಇಡಿ. ಮಾಡಿ ಹತ್ತು ದಿನದ ತರಬೇತಿ ಪಡೆದವರು ವಿಶೇಷ ಶಿಕ್ಷಕರಾಗುವುದಿಲ್ಲ.

ರಜನೀಶ್ ಕುಮಾರ್ ಪಾಂಡೆ ಪ್ರಕರಣ ಈ ವಿಷಯದ ಬೆನ್ನೆಲುಬು. ಸಾಮಾನ್ಯ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬ ಮಾನದಂಡವೇ ಇಲ್ಲದ್ದನ್ನು ಕಂಡ ಸುಪ್ರೀಂ ಕೋರ್ಟ್, 2021ರ ಅಕ್ಟೋಬರ್ 28ರಂದು ಕೂಡಲೇ ಅದನ್ನು ನಿಗದಿಪಡಿಸಲು ಕೇಂದ್ರಕ್ಕೆ ಸೂಚಿಸಿತು. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಸೆರೆಬ್ರಲ್ ಪಾಲ್ಸಿ ಇರುವ 8 ಮಕ್ಕಳಿಗೆ ಒಬ್ಬರು, ಬೌದ್ಧಿಕ ನ್ಯೂನತೆ, ಆಟಿಸಂ, ಕಲಿಕಾ ನ್ಯೂನತೆ ಇರುವ 5 ಮಕ್ಕಳಿಗೆ ಒಬ್ಬರು, ಕಿವುಡು ಮತ್ತು ಕುರುಡು ಎರಡೂ ಇರುವ 2 ಮಕ್ಕಳಿಗೆ ಒಬ್ಬರು ಎಂದಿತು. ಕೇಂದ್ರ 2022ರ ಜೂನ್‌ನಲ್ಲಿ ಅಧಿಸೂಚಿಸಿದ್ದು ಇದಕ್ಕಿಂತ ಸಡಿಲ: ಕಿರಿಯ ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15ಕ್ಕೆ ಒಬ್ಬರು. ರಾಜ್ಯಗಳು ಅದನ್ನೂ ಜಾರಿ ಮಾಡದೆ ಕುಳಿತಾಗ 2025ರ ಮಾರ್ಚ್ 7ರಂದು ಇನ್ನೊಂದು ಆದೇಶ ಬಂತು. ಮಾರ್ಚ್ 28ರೊಳಗೆ ಹುದ್ದೆಗಳನ್ನು ಅಧಿಸೂಚಿಸಬೇಕು, ನೇಮಕಾತಿ ಆರಂಭಿಸಬೇಕು, ಗುತ್ತಿಗೆಯ ಮೇಲೆ ವರ್ಷಗಟ್ಟಲೆ ದುಡಿಯುತ್ತಿರುವ ಅರ್ಹರನ್ನು ಮೂವರ ಪರಿಶೀಲನಾ ಸಮಿತಿಯ ಮುಂದಿಟ್ಟು ಕಾಯಂ ವೇತನಶ್ರೇಣಿಗೆ ತರಬೇಕು.

ನಮ್ಮ ರಾಜ್ಯದಲ್ಲಿ ಈ ಕೆಲಸ ಹೊತ್ತಿರುವವರು ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಅವರು ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಕೂತು ಇಡೀ ತಾಲ್ಲೂಕಿನ ಶಾಲೆಗಳನ್ನು ಸುತ್ತುತ್ತಾರೆ. ಶಾಲಾ ಸಿದ್ಧತಾ ಕೇಂದ್ರ, ಗೃಹಾಧಾರಿತ ಶಿಕ್ಷಣ, ವೈದ್ಯಕೀಯ ಶಿಬಿರ, ವರದಿ ಎಲ್ಲವೂ ಅವರ ತಲೆಗೇ. ಇಲ್ಲಿ ಅನುಪಾತದ ಲೆಕ್ಕ ಒಂದು ತೊಡಕಿಗೆ ಸಿಕ್ಕುತ್ತದೆ. ಹಳ್ಳಿಯ ಶಾಲೆಯೊಂದರಲ್ಲಿ ಇಂಥ ಮಕ್ಕಳು ಒಬ್ಬರೋ ಇಬ್ಬರೋ. ಶಾಲೆಯನ್ನು ಘಟಕ ಎಂದರೆ ಹತ್ತು ಮಕ್ಕಳಾಗುವುದೇ ಇಲ್ಲ, ಹುದ್ದೆ ಹುಟ್ಟುವುದೂ ಇಲ್ಲ. ತಾಲ್ಲೂಕನ್ನು ಘಟಕ ಎಂದರೆ 150 ಮಕ್ಕಳಿರುವಲ್ಲಿ 10ರಿಂದ 15 ಶಿಕ್ಷಕರು ಬೇಕಾಗುತ್ತದೆ. ಸಾಕಷ್ಟು ಜನ ಸಿಗುವವರೆಗೆ ಸಂಚಾರಿ ಶಿಕ್ಷಕರನ್ನು ಶಾಲಾ ಗುಂಪುಗಳಿಗೆ ಬಳಸಬಹುದು ಎಂದು 2021ರ ತೀರ್ಪು ಒಪ್ಪಿದೆ. ಈ ತಾತ್ಕಾಲಿಕ ಏರ್ಪಾಡೇ ಕಾಯಂ ಆಗಿಬಿಡುವುದು ನಿಜವಾದ ಅಪಾಯ. ವಾರಕ್ಕೆರಡು ಬಾರಿ ಬರುವ ಸಂಚಾರಿ ಶಿಕ್ಷಕರಿಂದ ಬ್ರೈಲ್ ಕಲಿಸಬಹುದು. ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗುವವರಿಂದ ಏನೂ ಆಗದು. ಉಳಿದ ದಿನಗಳಲ್ಲಿ ಮಗು ತರಗತಿ ಶಿಕ್ಷಕರದ್ದೇ. ಸಾಮಾನ್ಯ ಶಿಕ್ಷಕರಿಗೂ ತರಬೇತಿ ಕಡ್ಡಾಯ ಎಂದು ಅದೇ ತೀರ್ಪು ಹೇಳಿದ್ದು ಸುಮ್ಮನೆ ಅಲ್ಲ.

ಮನೆಯಲ್ಲೇ ಕಲಿಕೆ ಯಾರ ಆಯ್ಕೆ

ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 3 ಗೃಹಾಧಾರಿತ ಶಿಕ್ಷಣಕ್ಕೆ ಅವಕಾಶ ಕೊಟ್ಟಿದೆ. ಅದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯಾಖ್ಯೆಯಂತೆ ಬಹುವಿಧ ಅಂಗವೈಕಲ್ಯ ಅಥವಾ ಶೇ 80 ಅಥವಾ ಅದಕ್ಕಿಂತ ಹೆಚ್ಚಿನ ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ. ಆಯ್ಕೆ ಮಾಡುವ ಹಕ್ಕೂ ಮಗುವಿನ ಕಡೆಯದು, ಶಾಲೆಯದಲ್ಲ. ಶೌಚಾಲಯ ಸರಿಯಿಲ್ಲ, ಆಟೋ ಇಲ್ಲ, ಗಲಾಟೆ ಮಾಡುತ್ತಾನೆ ಎಂಬ ಕಾರಣಕ್ಕೆ ಶಾಲೆಯೇ ಮಗುವನ್ನು ಗೃಹಾಧಾರಿತ ಪಟ್ಟಿಗೆ ಸೇರಿಸಿದರೆ ಅದು ಕಾನೂನಿಗೆ ವಿರುದ್ಧ. ಪಟ್ಟಿಗೆ ಸೇರಿದ ಮಗುವಿನ ಹೆಸರು ಊರಿನ ಶಾಲೆಯ ಹಾಜರಾತಿಯಲ್ಲೇ ಇರುತ್ತದೆ. ವರ್ಷದ ಕೊನೆಗೆ ಮುಂದಿನ ತರಗತಿಗೂ ಹೋಗುತ್ತದೆ. ಎಂಟು ವರ್ಷ ಕಳೆದ ಮೇಲೆ ಕೈಯಲ್ಲಿ ವರ್ಗಾವಣೆ ಪತ್ರ, ಕಲಿತದ್ದು ಶೂನ್ಯ ಎಂಬ ಸ್ಥಿತಿ ಬರುವುದು ಹೀಗೆ. ಒಮ್ಮೆ ಒಪ್ಪಿದ ಪೋಷಕರು ಮನಸ್ಸು ಬದಲಿಸಿ ಮಗುವನ್ನು ತರಗತಿಗೆ ಕಳಿಸಲು ಯಾವ ಅಡ್ಡಿಯೂ ಇಲ್ಲ.

ಇದರ ಜೊತೆಗೇ ಹೇಳಬೇಕಾದ ಮಾತು: ಎಲ್ಲ ಮಕ್ಕಳನ್ನೂ ಸಾಮಾನ್ಯ ಶಾಲೆಗೇ ತಳ್ಳುವುದೂ ಕಾಯ್ದೆಯ ಆಶಯ ಅಲ್ಲ. ಸೆಕ್ಷನ್ 31 ‘ನೆರೆಹೊರೆಯ ಶಾಲೆ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆ’ ಎನ್ನುತ್ತದೆ. ಸನ್ನೆ ಭಾಷೆ ಬಲ್ಲ ಒಬ್ಬರೂ ಇಲ್ಲದ ಶಾಲೆಯಲ್ಲಿ ಶ್ರವಣದೋಷದ ಮಗು ಇಡೀ ದಿನ ಕಪ್ಪುಹಲಗೆ ನೋಡುತ್ತ ಕೂರುವುದನ್ನು ಸಮನ್ವಯ ಎನ್ನಲಾಗದು. ಅಂಥ ಮಗುವಿಗೆ ಶ್ರವಣದೋಷವುಳ್ಳ ಮಕ್ಕಳ ಶಾಲೆಯೇ ವಾಸಿ. ಆದರೆ ನಮ್ಮಲ್ಲಿ ಸಾಮಾನ್ಯ ಶಾಲೆಗಳು ಶಾಲಾ ಶಿಕ್ಷಣ ಇಲಾಖೆಯವು, ವಿಶೇಷ ಶಾಲೆಗಳಿಗೆ ಅನುದಾನ ಕೊಡುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮಗುವಿನ ಕಲಿಕೆಯ ದಾಖಲೆ ತಾನಾಗಿ ಹಿಂದೆ ಬರುತ್ತದೆಂದು ನಂಬಿ ಕೂರಬಾರದು. ಪ್ರತಿಗಳನ್ನು ಪೋಷಕರೇ ಇಟ್ಟುಕೊಳ್ಳಬೇಕು.

ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಯೋಜನೆಯ ಹಣ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಸಮಗ್ರ ಶಿಕ್ಷಣದಲ್ಲಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ ₹3,500ರವರೆಗೆ ಅವಕಾಶವಿದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ ₹200ರ ಪ್ರೋತ್ಸಾಹಧನ ಬೇರೆ. ಸಂಖ್ಯೆ ಬರುವುದು ಶಾಲೆಗಳ ಮಾಹಿತಿ ಸೇರಿಸುವ ಯುಡೈಸ್ ಮತ್ತು ವಿದ್ಯಾರ್ಥಿಗಳ ವಿವರ ಇಡುವ ಎಸ್‌ಎಟಿಎಸ್ ಎಂಬ ಆನ್‌ಲೈನ್ ದಾಖಲೆಗಳಿಂದ. ಪ್ರಮಾಣಪತ್ರ ಇಲ್ಲವೆಂದು ಶಾಲೆ ಆ ಅಂಕಣವನ್ನು ಖಾಲಿ ಬಿಟ್ಟರೆ, ಮುಂದಿನ ವರ್ಷದ ಯೋಜನೆಯಲ್ಲಿ ಆ ಮಗುವೇ ಇಲ್ಲ. ಹಾಗಾಗಿ ಪೋಷಕರು ಮೊದಲು ಕೇಳಬೇಕಾದದ್ದು ಉಪಕರಣ ಅಲ್ಲ. ಮಗುವಿನ ವಿವರ ದಾಖಲಾಗಿದೆಯೇ, ಯಾವ ಬಗೆಯಡಿ ದಾಖಲಾಗಿದೆ ಎಂಬುದನ್ನು.

ಪ್ರಮಾಣಪತ್ರಕ್ಕೆ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಜಿಲ್ಲಾಸ್ಪತ್ರೆಯ ಅಥವಾ ಸೂಚಿಸಿದ ಆಸ್ಪತ್ರೆಯ ತಪಾಸಣೆಗೆ ಹೋಗಬೇಕು. ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಕೆಲಸಕ್ಕೆ ನೆರವಾಗುತ್ತಾರೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಮಗುವಿಗೆ ಸುಮಾರು 8 ವರ್ಷ, ಅಂದರೆ ಮೂರನೇ ತರಗತಿಯ ಹೊತ್ತಿಗಷ್ಟೇ ಸಿಗುತ್ತದೆ. ಅದಕ್ಕೆ ಬಳಸುವುದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ. ಕನ್ನಡ ಮಾಧ್ಯಮದ ಮಗುವಿನ ಓದು, ಬರಹವನ್ನು ಇಂಗ್ಲಿಷ್ ಪಠ್ಯದಿಂದ ಅಳೆದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಮಗು ಕಲಿಯುವ ಭಾಷೆಯಲ್ಲೇ ಅಳೆಯಿರಿ ಎಂದು ಕೇಳುವುದು ನ್ಯಾಯವೇ. ಎಂಟು ತುಂಬುವವರೆಗೆ ಸುಮ್ಮನಿರಬೇಕಿಲ್ಲ. ಬೇಗ ಗುರುತಿಸುವ ಹೊಣೆಗೆ ಪ್ರಮಾಣಪತ್ರದ ಷರತ್ತು ಇಲ್ಲ. ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಎಂಬ ಪರಿಶೀಲನಾ ಪಟ್ಟಿ 2022ರಿಂದ ತರಗತಿ ಶಿಕ್ಷಕರ ಕೈಯಲ್ಲಿದೆ. ಅದು ರೋಗನಿರ್ಣಯ ಅಲ್ಲ, ಯಾವ ಮಗುವನ್ನು ತಜ್ಞರಿಗೆ ತೋರಿಸಬೇಕೆಂದು ತಿಳಿಸುವ ಸಾಧನ.

ಸಾಧನ ಸಲಕರಣೆಗೆ ತಾಲ್ಲೂಕು ಮಟ್ಟದ ಶಿಬಿರದಲ್ಲಿ ಅಳತೆ ತೆಗೆಯುತ್ತಾರೆ, ಸರಬರಾಜು ತಿಂಗಳುಗಳ ನಂತರ. ಅಷ್ಟರಲ್ಲಿ ಮಗು ಬೆಳೆದಿರುತ್ತದೆ. ಕಾಲಿಗೆ ಕಟ್ಟುವ ಕ್ಯಾಲಿಪರ್ ಬಿಗಿಯಾಗುತ್ತದೆ, ಶ್ರವಣ ಸಾಧನದ ಕಿವಿಯಚ್ಚು ಸಡಿಲಗೊಂಡು ಕೀ ಎಂದು ಕೂಗತೊಡಗುತ್ತದೆ, ಮಗು ಅದನ್ನು ಕಿತ್ತಿಡುತ್ತದೆ. ವಿತರಣೆಯ ದಿನವೇ ಹಾಕಿ ನೋಡಿ, ಹೊಂದದಿದ್ದರೆ ಸ್ವೀಕೃತಿಯಲ್ಲೇ ‘ಅಳತೆ ಸರಿಯಿಲ್ಲ’ ಎಂದು ಬರೆದು ಸಹಿ ಮಾಡಬೇಕು. ಸುಮ್ಮನೆ ಸಹಿ ಮಾಡಿದರೆ ಮಗುವಿಗೆ ಸಾಧನ ಸಿಕ್ಕಿದೆ ಎಂದೇ ಲೆಕ್ಕ.

ವೈಯಕ್ತಿಕ ಶೈಕ್ಷಣಿಕ ಯೋಜನೆ, ಅಂದರೆ ಐಇಪಿಯ ಸ್ಥಿತಿ ಇನ್ನೂ ನಾಜೂಕು. ಅಮೆರಿಕದಲ್ಲಿ 1975ರ ಕಾನೂನಿನಿಂದ ಬಂದ ಇಂಥ ಯೋಜನೆ ಶಾಲೆಯನ್ನು ಕಟ್ಟಿಹಾಕುವ ದಾಖಲೆ. ಬರೆದದ್ದನ್ನು ಕೊಡದಿದ್ದರೆ ಪೋಷಕರು ವಿಚಾರಣೆ ಕೇಳಬಹುದು. ನಮ್ಮ ಕಾಯ್ದೆ ‘ವೈಯಕ್ತಿಕ ಬೆಂಬಲ’ ಎನ್ನುತ್ತದೆಯೇ ಹೊರತು ಆ ದಾಖಲೆಯ ಹೆಸರೆತ್ತುವುದಿಲ್ಲ. ಐಇಪಿ ಇಲ್ಲಿ ಯೋಜನೆಯ ಕಾಗದ. ಅಲ್ಲಿಂದ ಬೆಂಗಳೂರಿಗೋ ಮೈಸೂರಿಗೋ ಮರಳುವ ಕನ್ನಡಿಗ ಕುಟುಂಬಗಳು ಹಳೆಯ ಐಇಪಿ ಇಲ್ಲಿಯೂ ನಡೆಯುತ್ತದೆಂದು ಭಾವಿಸಬಾರದು. ಮಗುವಿನ ಅಗತ್ಯಕ್ಕೆ ಅದು ಒಳ್ಳೆಯ ಸಾಕ್ಷ್ಯ, ಅಷ್ಟೆ. ಆದರೂ ಬರೆಸಿಕೊಳ್ಳಲೇಬೇಕು. ‘ಓದುವ ಕೌಶಲ ಸುಧಾರಿಸುವುದು’ ಎಂದು ಬರೆದರೆ ಆಯಿತೋ ಇಲ್ಲವೋ ಯಾರಿಗೂ ತಿಳಿಯದು. ‘ದಸರಾ ರಜೆಯೊಳಗೆ ಒತ್ತಕ್ಷರ ಇಲ್ಲದ ಮೂರಕ್ಷರದ 20 ಪದಗಳಲ್ಲಿ 16ನ್ನು ಸಹಾಯವಿಲ್ಲದೆ ಓದುವುದು, ಕಲಿಸುವವರು ತರಗತಿ ಶಿಕ್ಷಕಿ, ದಿನಕ್ಕೆ 20 ನಿಮಿಷ, ಬಿಐಇಆರ್‌ಟಿ ಭೇಟಿ ಹದಿನೈದು ದಿನಕ್ಕೊಮ್ಮೆ’ ಎಂದು ಬರೆದರೆ ಅಕ್ಟೋಬರ್‌ನಲ್ಲಿ ಕೂತು ಪರಿಶೀಲಿಸಬಹುದು.

ಪರೀಕ್ಷೆಯ ಸೌಲಭ್ಯಕ್ಕೆ ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡುವುದು ತಡ. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಎಂದಿತ್ತು. ಸ್ವಂತ ಲಿಪಿಕಾರರಾದರೆ ಪರೀಕ್ಷಾರ್ಥಿಗಿಂತ ಒಂದು ಹಂತ ಕೆಳಗೆ ಓದುತ್ತಿರುವವರಾಗಿರಬೇಕು ಎಂದಿತ್ತು. ಎಸ್‌ಎಸ್‌ಎಲ್‌ಸಿಗೆ ಮಂಡಳಿಯ ಅನುಮತಿ ಶಾಲೆಯ ಮೂಲಕವೇ ಹೋಗಬೇಕು, ಆದ್ದರಿಂದ ಪ್ರಮಾಣಪತ್ರವನ್ನು ಒಂಬತ್ತರಲ್ಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಲಿಪಿಕಾರರೊಡನೆ ಅಭ್ಯಾಸವನ್ನೇ ಮಾಡದ ಮಗು ಅಂತಿಮ ಪರೀಕ್ಷೆಯಲ್ಲಿ ಉತ್ತರ ಹೇಳಿ ಬರೆಸಲು ತಡವರಿಸುತ್ತದೆ. ತರಗತಿಯ ಕಿರುಪರೀಕ್ಷೆಗಳಲ್ಲೇ ರೂಢಿಯಾಗಬೇಕು. ಭಾಷೆಯ ವಿನಾಯಿತಿ ಸೌಲಭ್ಯವೇ ಹೊರತು ಕಡ್ಡಾಯ ಅಲ್ಲ. ಪಿಯುಸಿಯಲ್ಲಿ ಎರಡು ಭಾಷೆ ಓದಬೇಕಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬೇಕೋ ಬೇಡವೋ ತೀರ್ಮಾನಿಸಬೇಕು.

ದೂರು

ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಹಂತದಲ್ಲಿ ಉತ್ತರ ಬಾರದಿದ್ದರೆ ದಾರಿ ಎರಡು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 32ರಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು. ಅದು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು, ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. 2016ರ ಅಧಿನಿಯಮದಂತೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು. ಅವರಿಗೆ ಸಾಕ್ಷಿ, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಆಯುಕ್ತರದು ಶಿಫಾರಸು ಮಾತ್ರ ಎಂದು ಅಧಿಕಾರಿಗಳು ಸುಮ್ಮನಾಗುವಂತಿಲ್ಲ, ಮೂರು ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು. ಅಧಿನಿಯಮ ಉಲ್ಲಂಘಿಸಿದರೆ ಮೊದಲ ಸಲ ₹10,000ದವರೆಗೆ, ಮತ್ತೆ ಉಲ್ಲಂಘಿಸಿದರೆ ₹50,000ದಿಂದ ₹5 ಲಕ್ಷದವರೆಗೆ ದಂಡ. ವಕೀಲರು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ಕೊಡುತ್ತದೆ. ಮಕ್ಕಳಿಗೆ ಮತ್ತು ಅಂಗವೈಕಲ್ಯ ಇರುವವರಿಗೆ ಇದರಲ್ಲಿ ಆದಾಯದ ಮಿತಿ ಇಲ್ಲ.

ದೂರಿಗೆ ಮುನ್ನ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯೊಂದನ್ನು ಬಿಇಒ ಕಚೇರಿಗೆ ಹಾಕಿದರೆ ಕೆಲಸ ಹಗುರ. ತಾಲ್ಲೂಕಿನಲ್ಲಿ ದಾಖಲಾಗಿರುವ ಇಂಥ ಮಕ್ಕಳೆಷ್ಟು, ಮಂಜೂರಾದ ಮತ್ತು ಭರ್ತಿಯಾದ ವಿಶೇಷ ಶಿಕ್ಷಕರ ಹುದ್ದೆಗಳೆಷ್ಟು, ಕಳೆದ ವರ್ಷ ನಮ್ಮ ಶಾಲೆಗೆ ಬಿಐಇಆರ್‌ಟಿ ಭೇಟಿ ಕೊಟ್ಟ ದಿನಾಂಕಗಳು ಯಾವುವು, ಸಾರಿಗೆ ಭತ್ಯೆ ಬಿಡುಗಡೆಯಾದದ್ದು ಯಾವಾಗ ಎಂಬ ನಾಲ್ಕು ಪ್ರಶ್ನೆ ಸಾಕು. ಉತ್ತರಕ್ಕೆ 30 ದಿನ, ದೂರಿನ ತೀರ್ಮಾನಕ್ಕೆ ಮೂರು ತಿಂಗಳು. ಜೂನ್ ಕೊನೆಗೆ ಆರ್‌ಟಿಐ ಹಾಕಿದವರಿಗೆ ನವೆಂಬರ್ ಹೊತ್ತಿಗೆ ಆದೇಶ ಕೈಗೆ ಬರಬಹುದು. ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಆ ಶೈಕ್ಷಣಿಕ ವರ್ಷವೇ ಮುಗಿದಿರುತ್ತದೆ.